ಮನೆಯಲ್ಲಿ ಹಾಡು ಕೇಳಲು ಏನು ಕೊಳ್ಳಬೇಕು: ಹೆಡ್‌ಫೋನಿನಿಂದ ಸಣ್ಣ ಸ್ಟೀರಿಯೊವರೆಗೆ

"ಕೈಯಲ್ಲಿ ಇಷ್ಟು ದುಡ್ಡಿದೆ, ಯಾವ ಕಂಪನಿಯದು ತಗೊಳ್ಳಲಿ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದೇ. ಒಂದು ಹೆಸರು ಹೇಳಿ ಮುಗಿಸಬಹುದು. ಆದರೆ ಮಾಡೆಲ್‌ಗಳು ವರ್ಷ ತುಂಬುವುದರೊಳಗೆ ಬದಲಾಗುತ್ತವೆ, ನಿಮ್ಮ ಖೋಲಿ ಬದಲಾಗುವುದಿಲ್ಲ. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಅಂಗಡಿಯಲ್ಲಿ ಸೊಗಸಾಗಿ ಕೇಳಿಸಿದ ಸ್ಪೀಕರ್ ಮನೆಯ ಫರ್ಸಿ ನೆಲದ ಮೇಲೆ ಕಿವಿಗೆ ಚುಚ್ಚಿದರೆ ಅದು ಸ್ಪೀಕರಿನ ತಪ್ಪಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಿ. ಬಹಳ ಮಂದಿ ಮೊದಲ ಎರಡು ಹಂತ ಬಿಟ್ಟು ನೇರ ಅಂಗಡಿಗೆ ಹೋಗುತ್ತಾರೆ. ದುಡ್ಡು ವ್ಯರ್ಥವಾಗುವುದು ಅಲ್ಲೇ.

1. ಮೂರು ಸಂಗತಿ ಚೀಟಿಯಲ್ಲಿ ಬರೆದುಕೊಳ್ಳಿ

ಎಲ್ಲಿ ಕೂತು ಕೇಳುತ್ತೀರಿ, ಏನು ಕೇಳುತ್ತೀರಿ, ಯಾವುದರಿಂದ ಕೇಳುತ್ತೀರಿ. ಈ ಮೂರೇ.

ಮೊದಲು ಖೋಲಿ. ಟೇಪ್ ಹಿಡಿದು ಉದ್ದ, ಅಗಲ ಅಳೆಯಿರಿ. ಎದುರುಬದುರು ಗೋಡೆಗಳ ನಡುವಿನ ಅಂತರಕ್ಕೆ ತಕ್ಕಂತೆ ಪ್ರತಿ ಖೋಲಿಯೂ ಕೆಲವು ತಗ್ಗು ಸ್ವರಗಳನ್ನು ತಾನಾಗಿ ಗುಂಯ್‌ಗುಡಿಸುತ್ತದೆ. 12 ಅಡಿ ಅಂತರಕ್ಕೆ ಅದು ಸುಮಾರು 47 ಹರ್ಟ್ಸ್, 10 ಅಡಿಗೆ ಸುಮಾರು 56 ಹರ್ಟ್ಸ್. (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. ಸಂಖ್ಯೆ ಇಳಿದಷ್ಟೂ ಸ್ವರ ತಗ್ಗು.) ಖೋಲಿ 12×12ರ ಚೌಕವಾಗಿದ್ದರೆ ಎರಡೂ ಗುಂಯ್‌ಗಳು ಒಂದೇ ಸ್ವರದ ಮೇಲೆ ಬೀಳುತ್ತವೆ, ಹಾಡಿನ ಆ ಒಂದು ಸ್ವರ ಮಾತ್ರ ಉಬ್ಬಿ ಕೇಳುತ್ತದೆ. ಇಷ್ಟು ಸಣ್ಣ ಖೋಲಿಗೆ ದೊಡ್ಡ ಸಬ್‌ವೂಫರ್, ಅಂದರೆ ಬರೀ ತಗ್ಗು ಸ್ವರಕ್ಕೆಂದೇ ಇರುವ ಡಬ್ಬಿ, ತಂದರೆ ಹಾಡಿಗಿಂತ ಗದ್ದಲವೇ ಹೆಚ್ಚು.

ಎರಡನೆಯದು, ಏನು ಕೇಳುತ್ತೀರಿ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಅವರ ಗಾಯನವೇ ನಿಮ್ಮ ನಿತ್ಯದ ಊಟವಾಗಿದ್ದರೆ ಲೆಕ್ಕ ಸುಲಭ. ಗಂಡುದನಿಗೆ ಹಾರ್ಮೋನಿಯಮ್ಮಿನ ಕಪ್ಪು ಒಂದಕ್ಕೆ ಕೂಡಿಸಿದ ತಂಬೂರಿಯಲ್ಲಿ ಜೋಡಿ ತಂತಿ ಸುಮಾರು 139 ಹರ್ಟ್ಸ್, ಖರಜದ, ಅಂದರೆ ಅತಿ ತಗ್ಗಿನ, ತಂತಿ ಸುಮಾರು 69 ಹರ್ಟ್ಸ್. ಆ ಗಾಯನದಲ್ಲಿ ಇದಕ್ಕಿಂತ ಬಹಳ ಕೆಳಗೆ ಏನೂ ಇಲ್ಲ. 5 ಇಂಚಿನ ವೂಫರ್ (ತಗ್ಗು ಸ್ವರ ನುಡಿಸುವ ದೊಡ್ಡ ಕೋನ್) ಇರುವ ಒಳ್ಳೆಯ ಸಣ್ಣ ಸ್ಪೀಕರ್ ಅಲ್ಲಿಗೆ ಸರಾಗವಾಗಿ ಇಳಿಯುತ್ತದೆ. ಡೊಳ್ಳು, ಈಗಿನ ಸಿನಿಮಾ ಹಾಡುಗಳ ಎಲೆಕ್ಟ್ರಾನಿಕ್ ಬೇಸ್ ಬೇಕೆಂದರೆ ಇನ್ನೂ ಕೆಳಕ್ಕೆ ಇಳಿಯುವ ಸ್ಪೀಕರ್ ಬೇಕು. ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳಿಂದ ಇಳಿಸಿದ ಧ್ವನಿಮುದ್ರಣ ಕೇಳುವವರು ಇನ್ನೊಂದು ಮಾತು ಗಮನಿಸಬೇಕು. ಆ ತಟ್ಟೆಗಳ ದನಿಯ ಮೇಲಿನ ಸ್ತರದಲ್ಲಿ ಸಂಗೀತಕ್ಕಿಂತ ಸರಸರ ಸದ್ದೇ ಹೆಚ್ಚು. ತೀಕ್ಷ್ಣವಾಗಿ ನುಡಿಯುವ ಸ್ಪೀಕರ್ ಆ ಸರಸರವನ್ನೇ ಎತ್ತಿ ತೋರಿಸುತ್ತದೆ. ನಿಮಗೆ ತುಸು ಮೆತ್ತನೆಯ ದನಿಯದೇ ಸರಿ.

ಮೂರನೆಯದು, ಮೂಲ. ಫೋನೇ, ಟಿವಿಯೇ, ಸಿಡಿಯೇ, ರೇಡಿಯೋವೇ? ಧಾರವಾಡ ಆಕಾಶವಾಣಿಯನ್ನು ಮೀಡಿಯಂ ವೇವ್‌ನ 765 ಕಿಲೋಹರ್ಟ್ಸ್‌ನಲ್ಲಿ ಕೇಳಿ ರೂಢಿಯಾದ ಹಿರಿಯರು ಮನೆಯಲ್ಲಿದ್ದರೆ ಎಚ್ಚರ. ಈಗಿನ ಬಹುತೇಕ ಸಣ್ಣ ಸ್ಟೀರಿಯೊಗಳಲ್ಲಿ ಎಫ್‌ಎಂ ಮಾತ್ರ ಇರುತ್ತದೆ, ಮೀಡಿಯಂ ವೇವ್ ಇರುವುದಿಲ್ಲ. ಅಂಥವರಿಗೆ ಪ್ರತ್ಯೇಕ ಟ್ರಾನ್ಸಿಸ್ಟರ್ ಕೊಡಿಸುವುದೇ ಒಳ್ಳೆಯದು. ಅದರ ಹತ್ತಿರ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್ ಇಡಬೇಡಿ, ಕರಕರ ಬರುವುದು ಅವುಗಳಿಂದಲೇ. ಒಳಗಿನ ಆಂಟೆನಾ ಒಂದೇ ದಿಕ್ಕಿಗೆ ಚೆನ್ನಾಗಿ ಹಿಡಿಯುತ್ತದೆ, ಆದ್ದರಿಂದ ಪೆಟ್ಟಿಗೆಯನ್ನೇ ಅಡ್ಡ, ಉದ್ದ ತಿರುಗಿಸಿ ನೋಡಿ.

2. ಯಾವ ಬಗೆಯದು ಎಂದು ನಿರ್ಧರಿಸಿ

ಹೆಡ್‌ಫೋನ್. ಒಬ್ಬರೇ ಕೇಳುವುದಾದರೆ, ಖೋಲಿಯ ಕಾಟ ಇರಬಾರದೆಂದರೆ, ಕಡಿಮೆ ದುಡ್ಡಿಗೆ ಅತಿ ಒಳ್ಳೆಯ ದನಿ ಸಿಗುವುದು ಇದರಲ್ಲೇ. ಕಿವಿ ಪೂರ್ತಿ ಮುಚ್ಚುವ ದೊಡ್ಡದು ಮನೆಗೆ, ಕಿವಿಯೊಳಗೆ ಸಿಗಿಸುವ ಸಣ್ಣದು ಓಡಾಟಕ್ಕೆ. ದೊಡ್ಡದರಲ್ಲೂ ಎರಡು ಬಗೆ. ಹಿಂಬದಿ ಜಾಲರಿ ಇದ್ದು ತೆರೆದಿರುವುದು ಒಂದು. ಅದರಲ್ಲಿ ದನಿ ಹರಡಿಕೊಂಡು, ಎದುರಿಗೆ ಕೂತು ಕೇಳಿದ ಹಾಗೆ ಇರುತ್ತದೆ, ಆದರೆ ಪಕ್ಕದವರಿಗೂ ಕೇಳುತ್ತದೆ. ಮುಚ್ಚಿದ್ದು ಇನ್ನೊಂದು, ಸದ್ದು ಒಳಗೇ ಉಳಿಯುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೇಳುವವರಿಗೆ ಮುಚ್ಚಿದ್ದೇ ಬೇಕು.

ನೋಡಬೇಕಾದ ಸಂಖ್ಯೆ ಇಂಪಿಡೆನ್ಸ್, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ. ಓಮ್ ಎಂದು ಬರೆದಿರುತ್ತದೆ. 16ರಿಂದ 32 ಓಮ್ ಇದ್ದರೆ ಫೋನಿಗೆ ಸಾಕು. 250, 300 ಓಮ್‌ನದನ್ನು ನೇರ ಫೋನಿಗೆ ಸಿಗಿಸಿದರೆ ದನಿ ಸಣ್ಣಗೆ, ಸಪ್ಪೆಯಾಗಿ ಬರುತ್ತದೆ. ಅದಕ್ಕೆ ಬೇರೆ ಆಂಪ್ಲಿಫೈಯರ್, ಅಂದರೆ ದನಿಯ ಸಂಕೇತಕ್ಕೆ ಬಲ ಕೊಡುವ ಪೆಟ್ಟಿಗೆ, ಬೇಕು. ಫೋನಿನಲ್ಲಿ ಹೆಡ್‌ಫೋನ್ ತೂತು ಇಲ್ಲದಿದ್ದರೆ ಟೈಪ್‑ಸಿ ಡಾಂಗಲ್, ಅಂದರೆ ಚಾರ್ಜರ್ ತೂತಿಗೆ ಸಿಗಿಸಿ ಹೆಡ್‌ಫೋನ್ ಜೋಡಿಸುವ ಪುಟ್ಟ ತುಂಡು, ತಗೊಳ್ಳಿ. ಆದರೆ "ಡ್ಯಾಕ್ ಇದೆಯೇ?" ಎಂದು ಕೇಳಿಯೇ ತಗೊಳ್ಳಿ. ಡ್ಯಾಕ್ ಎಂದರೆ ಡಿಜಿಟಲ್ ಅಂಕಿಗಳನ್ನು ದನಿಯ ಸಂಕೇತವಾಗಿ ಬದಲಿಸುವ ಚಿಪ್. ಅದಿಲ್ಲದ ಅಗ್ಗದ ಡಾಂಗಲ್ ಎಲ್ಲ ಫೋನುಗಳಲ್ಲಿ ನಡೆಯುವುದಿಲ್ಲ.

ಕಿವಿಯೊಳಗಿನದಕ್ಕೆ ಬರುವ ಸಾಮಾನ್ಯ ದೂರು "ಬೇಸ್ ಇಲ್ಲ" ಎಂಬುದು. ಹತ್ತರಲ್ಲಿ ಒಂಬತ್ತು ಸಲ ರಬ್ಬರ್ ಬುಡ್ಡೆ ಸರಿಯಾಗಿ ಕೂತಿರುವುದಿಲ್ಲ. ಡಬ್ಬಿಯಲ್ಲಿ ಬಂದ ಮೂರೂ ಅಳತೆ ಹಾಕಿ ನೋಡಿ. ಎಡಕಿವಿಗೂ ಬಲಕಿವಿಗೂ ಬೇರೆ ಅಳತೆ ಬೇಕಾಗುವುದೂ ಉಂಟು. ಕನ್ನಡಕದವರು ದೊಡ್ಡ ಹೆಡ್‌ಫೋನನ್ನು ಕನ್ನಡಕ ಹಾಕಿಕೊಂಡೇ ಪರೀಕ್ಷಿಸಿ, ಕಾಲು ಒತ್ತಿ ಸಂದು ಬಿದ್ದರೆ ತಗ್ಗು ಸ್ವರ ಸೋರಿಹೋಗುತ್ತದೆ. ನಮ್ಮ ಬೇಸಿಗೆಗೆ ರೆಕ್ಸಿನ್ ಮೆತ್ತೆ ಬೆವರು ಹಿಡಿದು ಕೆಲ ವರ್ಷಗಳಲ್ಲಿ ಸಿಪ್ಪೆ ಸುಲಿಯುತ್ತದೆ. ಬಟ್ಟೆಯ ಮೆತ್ತೆ ಇರುವುದು, ಮೆತ್ತೆಯೂ ವೈರೂ ಬಿಚ್ಚಿ ಬದಲಿಸಲು ಬರುವುದು ಬಾಳಿಕೆ ಬರುತ್ತದೆ.

ದಿನಾ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ–ಧಾರವಾಡ ಓಡಾಡುವವರಿಗೆ ನಾಯ್ಸ್ ಕ್ಯಾನ್ಸಲಿಂಗ್ ಉಪಯೋಗಕ್ಕೆ ಬರುತ್ತದೆ. ಇಂಜಿನ್ನಿನ, ಎಸಿಯ ಒಂದೇ ಸಮನೆಯ ಗುಂಯ್ ಸದ್ದನ್ನು ಅದು ತಗ್ಗಿಸುತ್ತದೆ. ಪಕ್ಕದವರ ಮಾತನ್ನು ಅಷ್ಟಾಗಿ ತಡೆಯದು. ಗುಂಯ್ ತಗ್ಗಿದರೆ ವಾಲ್ಯೂಮ್ ಏರಿಸುವ ಅಗತ್ಯವೂ ತಗ್ಗುತ್ತದೆ, ನಿಜವಾದ ಲಾಭ ಅದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ ವಾರಕ್ಕೆ 40 ತಾಸು 80 ಡೆಸಿಬಲ್ ಮಿತಿ, ಮಕ್ಕಳಿಗೆ 75 ಡೆಸಿಬಲ್. (ಡೆಸಿಬಲ್ ಎಂದರೆ ಸದ್ದು ಎಷ್ಟು ಜೋರು ಎಂಬ ಅಳತೆ.) 3 ಡೆಸಿಬಲ್ ಏರಿಸಿದರೆ ತಾಸು ಅರ್ಧಕ್ಕಿಳಿಯುತ್ತದೆ: 83ಕ್ಕೆ 20 ತಾಸು, 86ಕ್ಕೆ 10 ತಾಸು. ಮಕ್ಕಳ ಫೋನಿನ ಸೆಟ್ಟಿಂಗಿನಲ್ಲಿ ವಾಲ್ಯೂಮ್ ಮಿತಿ ಹಾಕಿಬಿಡಿ. ಕೆಟ್ಟ ಕಿವಿ ಮರಳಿ ಬರುವುದಿಲ್ಲ.

ಸಂಗೀತ ಕಲಿಯುವವರಿಗೊಂದು ಸೂಚನೆ. ಬ್ಲೂಟೂತ್‌ನಲ್ಲಿ ದನಿ ಸೆಕೆಂಡಿನ ಹತ್ತನೆಯ ಒಂದೆರಡು ಭಾಗ ತಡವಾಗಿ ಬರುತ್ತದೆ. ತಂಬೂರಿ ಆಪ್ ಹಚ್ಚಿಕೊಂಡು ಹಾಡಲು ಅದು ಅಡ್ಡಿಯಲ್ಲ. ನಿಮ್ಮ ದನಿಯನ್ನೇ ಕೇಳುತ್ತ ರೆಕಾರ್ಡ್ ಮಾಡುವಾಗ, ಆನ್‌ಲೈನ್ ಪಾಠದಲ್ಲಿ ತಾಳ ಹಿಡಿಯುವಾಗ ಮಾತ್ರ ವೈರಿನ ಹೆಡ್‌ಫೋನೇ ಬೇಕು.

ಬ್ಲೂಟೂತ್ ಸ್ಪೀಕರ್. ಅಡುಗೆಮನೆ, ಅಂಗಳ, ಹೊಲಕ್ಕೆ ಸರಿ. ಒಂದೇ ಡಬ್ಬಿಯಲ್ಲಿ ಎಡ, ಬಲ ಎರಡೂ ಇರುವುದರಿಂದ ಸ್ಟೀರಿಯೊ ಎಂಬುದು ಹೆಸರಿಗೆ ಮಾತ್ರ.

ಸಣ್ಣ ಸ್ಟೀರಿಯೊ. ನಡುವೆ ಒಂದು ಪೆಟ್ಟಿಗೆ, ಆಚೀಚೆ ಬಿಚ್ಚಿ ಇಡಬಹುದಾದ ಎರಡು ಸ್ಪೀಕರ್. ಸಿಡಿ, ಪೆನ್‌ಡ್ರೈವ್, ಎಫ್‌ಎಂ, ಬ್ಲೂಟೂತ್ ಎಲ್ಲ ಅದರಲ್ಲೇ. ತಾಂತ್ರಿಕ ತಲೆನೋವು ಬೇಡ ಎನ್ನುವ ಮನೆಗೆ ನಮ್ಮ ಮೊದಲ ಸಲಹೆ ಇದು. ಕೊಳ್ಳುವಾಗ ಹಿಂಬದಿ ತಿರುಗಿಸಿ ಎರಡು ಸಂಗತಿ ನೋಡಿ. ಸ್ಪೀಕರ್ ವೈರು ಸಾಮಾನ್ಯ ಕೆಂಪು–ಕಪ್ಪು ಕ್ಲಿಪ್ಪಿಗೆ ಹೋಗುತ್ತದೆಯೇ, ಆ ಕಂಪನಿಯದೇ ವಿಚಿತ್ರ ಪ್ಲಗ್ಗಿಗೆ ಹೋಗುತ್ತದೆಯೇ? ಸಾಮಾನ್ಯ ಕ್ಲಿಪ್ ಇದ್ದರೆ ಮುಂದೆ ಒಳ್ಳೆಯ ಸ್ಪೀಕರ್ ಹಾಕಬಹುದು. ಟಿವಿ ಜೋಡಿಸಲು ಆಕ್ಸ್ (ಸಾದಾ ಆಡಿಯೊ ವೈರಿನ ತೂತು) ಅಥವಾ ಆಪ್ಟಿಕಲ್ (ಬೆಳಕು ಸಾಗಿಸುವ ವೈರಿನ ತೂತು) ಇನ್‌ಪುಟ್ ಇದೆಯೇ?

ಬಿಡಿ ಜೋಡಣೆ. ಆಂಪ್ಲಿಫೈಯರ್ ಬೇರೆ, ಸ್ಪೀಕರ್ ಬೇರೆ. ಇಲ್ಲವೇ ಒಳಗೇ ಆಂಪ್ಲಿಫೈಯರ್ ಇರುವ ಆಕ್ಟಿವ್ ಸ್ಪೀಕರ್ ಜೋಡಿ. ದುಡ್ಡಿನ ಅರ್ಧಕ್ಕಿಂತ ಹೆಚ್ಚು ಪಾಲು ಸ್ಪೀಕರಿಗೇ ಹೋಗಲಿ. ಆಂಪ್ಲಿಫೈಯರ್ ಬದಲಿಸಿದರೆ ಕೇಳುವ ವ್ಯತ್ಯಾಸ ಸ್ವಲ್ಪ, ಸ್ಪೀಕರ್ ಬದಲಿಸಿದರೆ ಇಡೀ ದನಿಯೇ ಬೇರೆ.

ಅದೇ ದುಡ್ಡಿಗೆ ಐದು ಸಣ್ಣ ಸ್ಪೀಕರ್, ಒಂದು ಸಬ್‌ವೂಫರ್ ಇರುವ ಹೋಮ್ ಥಿಯೇಟರ್ ಸಿಗುತ್ತದಲ್ಲ ಎಂದು ಹಲವರು ಕೇಳುತ್ತಾರೆ. ಹಾಡಿಗಾಗಿ ಕೊಳ್ಳುವವರು ಅದನ್ನು ಬಿಡಿ. ಇದ್ದ ದುಡ್ಡು ಆರು ಡಬ್ಬಿಗೆ ಹಂಚಿಹೋಗಿರುತ್ತದೆ. ಅಂಗೈಯಗಲದ ಸ್ಪೀಕರಿಗೂ ಸಬ್‌ವೂಫರಿಗೂ ನಡುವೆ ಬರುವ ಗಂಡುದನಿಯ ಮೈಯೇ ಮಾಯವಾಗುತ್ತದೆ.

3. ಡಬ್ಬಿಯ ಮೇಲಿನ ಸಂಖ್ಯೆ ಓದುವ ಬಗೆ

"ಸರ, ಇದು ಐದು ಸಾವಿರ ವ್ಯಾಟ್ ಐತ್ರಿ" ಎಂದು ಅಂಗಡಿಯಲ್ಲಿ ಹೇಳಿದರೆ ಪೆಟ್ಟಿಗೆಯ ಬೆನ್ನು ತಿರುಗಿಸಿ. ಅಲ್ಲಿ ಅಂಟಿಸಿದ ಚೀಟಿಯಲ್ಲಿ "230 ವೋಲ್ಟ್, 50 ಹರ್ಟ್ಸ್, 40 ವ್ಯಾಟ್" ಎಂದಿದ್ದರೆ ಆ ಪೆಟ್ಟಿಗೆ ಗೋಡೆಯಿಂದ ಎಳೆಯುವುದೇ 40 ವ್ಯಾಟ್. ಅದಕ್ಕಿಂತ ಹೆಚ್ಚನ್ನು ಎಡೆಬಿಡದೆ ಹೊರಗೆ ಕೊಡಲಾರದು. ಅಡಾಪ್ಟರ್ ಇದ್ದರೆ ವೋಲ್ಟನ್ನು ಆಂಪಿಯರಿನಿಂದ ಗುಣಿಸಿ: 12 ವೋಲ್ಟ್, 2 ಆಂಪಿಯರ್ ಎಂದರೆ 24 ವ್ಯಾಟ್. ಪಿಎಂಪಿಒ ಎಂದು ಬರೆದ ಸಾವಿರಗಳಿಗೆ ಒಪ್ಪಿತ ಅಳತೆಯೇ ಇಲ್ಲ. ಎಡೆಬಿಡದೆ ಕೊಡಬಲ್ಲ ಶಕ್ತಿಯನ್ನು ಹೇಳುವ ಆರ್‌ಎಂಎಸ್ ಸಂಖ್ಯೆ ಕೇಳಿ.

ಎಷ್ಟು ವ್ಯಾಟ್ ಬೇಕು? ಇಲ್ಲಿ ಸೆನ್ಸಿಟಿವಿಟಿ ಬರುತ್ತದೆ: 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಎಂಬ ಲೆಕ್ಕ. 86 ಡೆಸಿಬಲ್‌ನ ಎರಡು ಸ್ಪೀಕರ್ ಇಟ್ಟು 8 ಅಡಿ ದೂರ ಕೂತರೆ, ಒಂದೊಂದಕ್ಕೆ 1 ವ್ಯಾಟ್ ಕೊಟ್ಟಾಗ ಕಿವಿಗೆ 80ರ ಮೇಲೇ ಮುಟ್ಟುತ್ತದೆ. ಮನೆಯಲ್ಲಿ ಹಿತವಾಗಿ ಕೇಳುವುದು 70–75. ಅಂದರೆ ದಿನನಿತ್ಯ ನೀವು ಬಳಸುವುದು ಒಂದು ವ್ಯಾಟಿಗಿಂತ ಕಡಿಮೆ. ತಬಲಾದ ಪೆಟ್ಟು, ತಾನಿನ ಏರಿಕೆಗೆ ಒಂದು ಕ್ಷಣ ಅದರ ಹತ್ತಾರು ಪಟ್ಟು ಬೇಕಾಗುತ್ತದೆ. ಆದ್ದರಿಂದ ಒಂದು ಬದಿಗೆ 30 ವ್ಯಾಟ್ ಆರ್‌ಎಂಎಸ್ ಇದ್ದರೆ 10×12ರ ಖೋಲಿಗೆ ಧಾರಾಳ. ಇನ್ನೂ 3 ಡೆಸಿಬಲ್ ಏರಿಸಬೇಕೆಂದರೆ ವ್ಯಾಟ್ ಎರಡು ಪಟ್ಟು ಬೇಕು. ಅದಕ್ಕೇ 30ಕ್ಕೂ 60ಕ್ಕೂ ಕಿವಿಗೆ ಗೊತ್ತಾಗುವ ವ್ಯತ್ಯಾಸ ಅಲ್ಪ.

ಓಮ್ ಹೊಂದಿಸುವುದನ್ನು ಮರೆಯಬೇಡಿ. ಆಂಪ್ಲಿಫೈಯರಿನ ಹಿಂದೆ "6–16 ಓಮ್" ಎಂದಿದ್ದರೆ 4 ಓಮ್ ಸ್ಪೀಕರ್ ಹಾಕಬಾರದು. ಹೆಚ್ಚು ಕರೆಂಟ್ ಎಳೆದು ಬಿಸಿಯಾಗಿ, ಜೋರು ಹಾಡಿನ ನಡುವೆ ತಾನಾಗಿ ಬಂದ್ ಆಗುತ್ತದೆ, ಇಲ್ಲವೇ ಸುಟ್ಟೇ ಹೋಗುತ್ತದೆ.

4. ಅಂಗಡಿಯಲ್ಲಿ ಪರೀಕ್ಷೆ

ನಿಮಗೆ ಬಾಯಿಪಾಠವಾದ ನಾಲ್ಕು ತುಣುಕು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಅಂಗಡಿಯವರ ಡೆಮೊ ಹಾಡು ಬೇಡ, ಆ ಪೆಟ್ಟಿಗೆಗೆ ಹೊಂದುವಂತೆಯೇ ಅದನ್ನು ಆರಿಸಿರುತ್ತಾರೆ. "ಬೇಸ್, ಟ್ರೆಬಲ್ ಎರಡೂ ನಡುವಿಗೆ ಇಡ್ರಿ, ಇಫೆಕ್ಟ್ ಎಲ್ಲಾ ಬಂದ್ ಮಾಡ್ರಿ" ಎಂದು ಮೊದಲೇ ಹೇಳಿ.

ಮೊದಲನೆಯದು ಬರೀ ತಂಬೂರಿ, ಎರಡು ನಿಮಿಷ. ಖರಜದ ತಂತಿ ಮೀಟಿದಾಗ ಅದಕ್ಕೊಂದು ಮೈ ಇರಬೇಕು, ಜವಾರಿಯ (ತಂತಿ ಕುದುರೆಗೆ ತಾಕಿ ಹುಟ್ಟುವ) ಝೇಂಕಾರ ಮೇಲೆ ಬಿಡಿಸಿಕೊಂಡು ತೇಲಬೇಕು. ಖರಜ ಕೇಳದೆ ಬರೀ ಝುಂಯ್ ಎಂದರೆ ಸ್ಪೀಕರ್ ಕೆಳಗಿಳಿಯುತ್ತಿಲ್ಲ. ಝೇಂಕಾರ ತಗಡಿನ ಸದ್ದಾದರೆ ಟ್ವೀಟರ್, ಅಂದರೆ ಮೇಲಿನ ಸ್ವರ ನುಡಿಸುವ ಚಿಕ್ಕ ಸ್ಪೀಕರ್, ಒರಟು.

ಎರಡನೆಯದು ತಬಲಾ ಸೋಲೊ. ಎಡಗೈ ಒತ್ತಿ ಜಾರಿಸಿದಾಗ ಡಗ್ಗೆಯ ಸ್ವರ ಏರಿಳಿಯುವುದು ಸ್ಪಷ್ಟ ಕೇಳಬೇಕು. ಪ್ರತಿ ಪೆಟ್ಟೂ ಒಂದೇ "ಧುಂ" ಆದರೆ ಆ ಪೆಟ್ಟಿಗೆಗೆ ಗೊತ್ತಿರುವುದು ಒಂದೇ ತಗ್ಗು ಸ್ವರ. ಇದು ಅಗ್ಗದ ಸೆಟ್‌ಗಳಲ್ಲಿ ಅತಿ ಸಾಮಾನ್ಯ ದೋಷ, ಅದನ್ನೇ "ಭಾರೀ ಬೇಸ್" ಎಂದು ಮಾರುತ್ತಾರೆ.

ಮೂರನೆಯದು ಮಾತು: ಕನ್ನಡ ವಾರ್ತೆ ಓದುವ ಗಂಡುದನಿ. ಎದೆಯಿಂದ ಗುಮ್ಮೆಂದರೆ, "ಸ", "ಶ" ಬಂದಾಗಲೆಲ್ಲ ಸಿಡಿದರೆ ಬೇಡ. ಸಂಗೀತ ದೋಷ ಮುಚ್ಚಿಕೊಳ್ಳಬಹುದು, ಮಾತು ಮುಚ್ಚಿಕೊಳ್ಳದು. ನಾಲ್ಕನೆಯದು ನಿಮ್ಮ ಮನೆಯವರ ಇಷ್ಟದ ಹಾಡು ಇರಲಿ.

ಎರಡು ಸೆಟ್ ಹೋಲಿಸುವಾಗ ಎರಡರ ದನಿಯೂ ಒಂದೇ ಮಟ್ಟಕ್ಕಿರಬೇಕು. ತುಸು ಜೋರಾಗಿರುವುದೇ ಕಿವಿಗೆ ಚೆಂದ ಅನ್ನಿಸುತ್ತದೆ, ಒಂದು ಡೆಸಿಬಲ್ ಸಾಕು ತೀರ್ಪು ತಿರುಗಿಸಲು. ಫೋನಿನಲ್ಲಿ ಸೌಂಡ್ ಮೀಟರ್ ಆಪ್ ಹಾಕಿಕೊಂಡು, ಒಂದೇ ಜಾಗದಲ್ಲಿ ಹಿಡಿದು ಸಮ ಮಾಡಿ.

5. ವೈರು ಜೋಡಣೆ

ಸ್ಪೀಕರಿಗೆ ದುಬಾರಿ ವೈರು ಬೇಡ. ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಎಳೆಎಳೆಯ ತಾಮ್ರದ 1.5 ಚದರ ಮಿಲಿಮೀಟರ್ ವೈರು 10 ಮೀಟರ್ ದೂರದವರೆಗೆ ಸಾಕು. ತುದಿ 1 ಸೆಂಟಿಮೀಟರ್ ಸುಲಿದು, ಎಳೆಗಳನ್ನು ಬಿಗಿಯಾಗಿ ಹುರಿ ಮಾಡಿ ಕ್ಲಿಪ್ಪಿಗೆ ಹಾಕಿ. ಒಂದೇ ಒಂದು ಎಳೆ ಪಕ್ಕದ ಕ್ಲಿಪ್ಪಿಗೆ ತಾಕಿದರೂ ಶಾರ್ಟ್ ಆಗಿ ಆಂಪ್ಲಿಫೈಯರ್ ಹಾಳಾಗಬಹುದು. ಜೋಡಿಸುವಾಗ ಪ್ಲಗ್ ಕಿತ್ತಿರಲಿ.

ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಸ್ಪೀಕರಿನಲ್ಲಿ ಮಾತ್ರ ಅದಲುಬದಲಾದರೆ ಒಂದರ ಕೋನ್ ಮುಂದೆ ಬರುವಾಗ ಇನ್ನೊಂದರದು ಹಿಂದೆ ಸರಿದು ತಗ್ಗು ಸ್ವರ ಪರಸ್ಪರ ಅಳಿಸಿಹೋಗುತ್ತದೆ, ಗಾಯಕರ ದನಿ ನಡುವೆ ನಿಲ್ಲದೆ ಎಲ್ಲೆಲ್ಲೋ ತೇಲುತ್ತದೆ. "ಹೊಸ ಸ್ಪೀಕರ್, ಬೇಸೇ ಇಲ್ಲ" ಎಂಬ ದೂರಿಗೆ ಮೊದಲು ಇದನ್ನು ನೋಡಿ. ಹಳೆಯ ಸ್ಪೀಕರಿನ ಗುರುತು ಅಳಿಸಿಹೋಗಿದ್ದರೆ, ಆಂಪ್ಲಿಫೈಯರಿನಿಂದ ಬಿಚ್ಚಿ 1.5 ವೋಲ್ಟ್ ಸೆಲ್ಲನ್ನು ಅರೆಕ್ಷಣ ತಾಕಿಸಿ. ವೂಫರ್ ಕೋನ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ತಾಕಿದ ಕಡೆಯೇ ಕೆಂಪು.

ಟಿವಿಯಿಂದ ಆಪ್ಟಿಕಲ್ ಅಥವಾ ಎಚ್‌ಡಿಎಂಐ ಎಆರ್‌ಸಿ (ಟಿವಿಯ ಸದ್ದನ್ನು ಹೊರಕ್ಕೆ ಕಳಿಸುವ ಎಚ್‌ಡಿಎಂಐ ತೂತು) ಜೋಡಿಸಿದ ಮೇಲೂ ಸದ್ದೇ ಬಾರದಿದ್ದರೆ, ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟನ್ನು "ಪಿಸಿಎಂ"ಗೆ ಬದಲಿಸಿ. ಸಾದಾ ಸ್ಟೀರಿಯೊಗಳಿಗೆ ಅರ್ಥವಾಗುವುದು ಅದೊಂದೇ. ಟಿವಿ ಜೋಡಿಸಿದೊಡನೆ ಹುಂ ಎಂಬ ಸದ್ದು ಶುರುವಾದರೆ ಕೇಬಲ್ ಅಥವಾ ಡಿಶ್ ವೈರನ್ನು ಕ್ಷಣ ಕಿತ್ತು ನೋಡಿ. ಹುಂ ನಿಂತರೆ ತೊಂದರೆ ಅದರ ಅರ್ಥಿಂಗಿನದು. ಆಪ್ಟಿಕಲ್ ವೈರು ಬಳಸಿದರೆ ಹೋಗುತ್ತದೆ, ಏಕೆಂದರೆ ಅದರಲ್ಲಿ ಹರಿಯುವುದು ಬೆಳಕು. ಪ್ಲಗ್ಗಿನ ಅರ್ಥ್ ಪಿನ್ ಮುರಿದು ಹುಂ ನಿಲ್ಲಿಸುವವರೂ ಇದ್ದಾರೆ. ಅದು ಜೀವಕ್ಕೆ ಅಪಾಯ, ಎಂದೂ ಮಾಡಬೇಡಿ.

6. ಎಲ್ಲಿ ಇಡಬೇಕು

ಖರ್ಚಿಲ್ಲದೆ ದನಿ ಸುಧಾರಿಸುವುದು ಈ ಹಂತದಲ್ಲೇ. ತಾಳ್ಮೆಯಿಂದ ಒಂದು ಭಾನುವಾರ ಇದಕ್ಕೇ ಇಡಿ.

10×12ರ ಖೋಲಿಯಲ್ಲಿ 10 ಅಡಿಯ ಗೋಡೆಯ ಮುಂದೆ ಎರಡು ಸ್ಪೀಕರುಗಳನ್ನು 6 ಅಡಿ ಅಂತರದಲ್ಲಿಡಿ. ಪಕ್ಕದ ಗೋಡೆಗೆ 2 ಅಡಿ, ಹಿಂದಿನ ಗೋಡೆಗೆ ಕನಿಷ್ಠ 1 ಅಡಿ ಇರಲಿ. ಬೆನ್ನಲ್ಲಿ ಗಾಳಿಯ ತೂತು ಇರುವ ಸ್ಪೀಕರಿಗೆ ಈ ಜಾಗ ಬೇಕೇ ಬೇಕು. ಮೂಲೆಗೆ ಒತ್ತಿದರೆ ತಗ್ಗು ಸ್ವರ ಉಬ್ಬಿ ಗಾಯನ ಮಸುಕಾಗುತ್ತದೆ. ನೀವು ಕೂರುವುದು ಮುಂದಿನ ಗೋಡೆಯಿಂದ ಸುಮಾರು 8 ಅಡಿಗೆ. ಖೋಲಿಯ ನಟ್ಟನಡುವೆ, ಅಂದರೆ 6 ಅಡಿಗೆ, ಕೂತರೆ ಮೇಲೆ ಹೇಳಿದ 47 ಹರ್ಟ್ಸ್ ಸ್ವರ ಕೇಳಿಸುವುದೇ ಇಲ್ಲ. ಹಿಂದಿನ ಗೋಡೆಗೆ ಒರಗಿದರೆ ಅದೇ ಸ್ವರ ದುಪ್ಪಟ್ಟಾಗುತ್ತದೆ.

ಟ್ವೀಟರ್ ಕಿವಿಯ ಮಟ್ಟಕ್ಕಿರಬೇಕು. ಖುರ್ಚಿಯವರಿಗೆ ಅದು ಮೂರರಿಂದ ಮೂರೂವರೆ ಅಡಿ. ನಮ್ಮಲ್ಲಿ ಜಮಖಾನೆಯ ಮೇಲೆ ಕೂತು ಕೇಳುವ ರೂಢಿ ಇನ್ನೂ ಇದೆ, ಅಂಥವರಿಗೆ ಎರಡೂವರೆ ಅಡಿಯೇ ಸರಿ. ಪೊಳ್ಳು ಶೋಕೇಸಿನ ಮೇಲಿಟ್ಟರೆ ಶೋಕೇಸೂ ಜೊತೆಗೆ ಹಾಡುತ್ತದೆ. ಅಲ್ಲಿಯೇ ಇಡಬೇಕೆಂದಾದರೆ ಕೆಳಗೆ ದಪ್ಪ ರಬ್ಬರ್ ತುಂಡು ಕೊಡಿ.

ಇನ್ನು ನೆಲ, ಗೋಡೆ. ನಡುಖೋಲಿಯಲ್ಲಿ ನಿಂತು ಜೋರಾಗಿ ಚಪ್ಪಾಳೆ ಹೊಡೆಯಿರಿ. ಹಿಂದೆಯೇ ಠಣಠಣ ಕೇಳಿದರೆ ಫರ್ಸಿ, ಟೈಲ್ಸ್, ಸಿಮೆಂಟ್ ಗೋಡೆ ಸದ್ದನ್ನು ಎಸೆದಾಡುತ್ತಿವೆ. ಸ್ಪೀಕರಿಗೂ ನಿಮಗೂ ನಡುವಿನ ನೆಲಕ್ಕೆ ನವಲಗುಂದದ ಜಮಖಾನೆ ಹಾಸಿ. ಬರೀ ಜಮಖಾನೆ ತೆಳು, ಮೇಲಿನ ಚುರುಕು ಸದ್ದನ್ನಷ್ಟೇ ಹೀರುತ್ತದೆ. ಅದರ ಕೆಳಗೆ ದಪ್ಪ ಕೌದಿ ಹಾಕಿದರೆ ಹಾಡುವ ದನಿಯ ಒರಟುತನವೂ ತಗ್ಗುತ್ತದೆ. ಪಕ್ಕದ ಗೋಡೆಗೆ ಒಂದು ಉಪಾಯ: ನೀವು ಕೂತಿರಿ, ಇನ್ನೊಬ್ಬರು ಗೋಡೆಗುಂಟ ಕನ್ನಡಿ ಸರಿಸುತ್ತ ಹೋಗಲಿ. ಎಲ್ಲಿ ಕನ್ನಡಿಯಲ್ಲಿ ಸ್ಪೀಕರ್ ಕಾಣುತ್ತದೋ ಅಲ್ಲೊಂದು ಕೌದಿ ತೂಗುಹಾಕಿ, ಇಲ್ಲವೇ ಪುಸ್ತಕದ ಕಪಾಟು ಇಡಿ. ಮಣ್ಣಿನ ಗೋಡೆ, ತೊಲೆಯ ಮಾಳಿಗೆ ಇರುವ ಹಳೆಯ ಮನೆಗಳಿಗೆ ಇದರ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

7. ಕರೆಂಟು, ಧೂಳು

ಮುಂಗಾರಿಗೆ ಮುಂಚಿನ ಗುಡುಗು ಮಳೆಯ ದಿನಗಳಲ್ಲಿ ಸ್ವಿಚ್ ಬಂದ್ ಮಾಡಿದರೆ ಸಾಲದು, ಪ್ಲಗ್ಗನ್ನೂ ಡಿಶ್ ವೈರನ್ನೂ ಕಿತ್ತಿಡಿ. ಎಷ್ಟೋ ಸಲ ಸಿಡಿಲಿನ ಹೊಡೆತ ಒಳಗೆ ಬರುವುದು ಡಿಶ್ ವೈರಿನಿಂದ. ಚೌಕ ಅಲೆಯ ಇನ್ವರ್ಟರ್ ಮೇಲೆ ಹಾಡು ಹಚ್ಚಿದರೆ ಝರ್ ಸದ್ದು ಬರುತ್ತದೆ, ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ. ಸೈನ್ ವೇವ್ ಇನ್ವರ್ಟರ್ ಆದರೆ ತೊಂದರೆಯಿಲ್ಲ. ಧೂಳಿಗೆ ಹೊದಿಸುವ ಬಟ್ಟೆಯನ್ನು ಆಂಪ್ಲಿಫೈಯರ್ ಚಾಲೂ ಇರುವಾಗ ತೆಗೆದಿಡಿ, ಮೇಲಿನ ಸಂದುಗಳಿಂದಲೇ ಅದರ ಬಿಸಿ ಹೋಗಬೇಕು.

8. ಹಳೆಯದನ್ನು ಕೊಳ್ಳುವುದಾದರೆ

ಒಳ್ಳೆಯ ಹಳೆಯ ಸ್ಪೀಕರ್ ಅದೇ ಬೆಲೆಯ ಹೊಸದಕ್ಕಿಂತ ಎಷ್ಟೋ ಮೇಲು. ಕೋನಿನ ಸುತ್ತಲಿನ ಅಂಚು ನೋಡಿ. ಫೋಮಿನದಾದರೆ ಬೆರಳು ತಾಗಿದರೆ ಪುಡಿಯಾಗುವಷ್ಟು ಕೊಳೆತಿರಬಹುದು, ರಬ್ಬರಿನದು ಹೆಚ್ಚು ಬಾಳುತ್ತದೆ. ಎರಡೂ ಬದಿಗೆ ಬೆರಳಿಟ್ಟು ಕೋನನ್ನು ಮೆಲ್ಲಗೆ ಒತ್ತಿ. ಒಳಗೆ ಕೆರೆದ ಸದ್ದು ಬಂದರೆ ಸುರುಳಿ ಉಜ್ಜುತ್ತಿದೆ, ಕೊಳ್ಳಬೇಡಿ. ವಾಲ್ಯೂಮ್ ಗುಂಡಿ ತಿರುಗಿಸುವಾಗ ಬರೀ ಕರಕರ ಬಂದರೆ ಸ್ವಚ್ಛ ಮಾಡಿಸಿದರೆ ಹೋಗುತ್ತದೆ. ಅತಿ ಸಣ್ಣ ದನಿಯಲ್ಲಿ ಒಂದು ಬದಿ ಮಾಯವಾದರೆ ಗುಂಡಿ ಸವೆದಿದೆ, ಬದಲಿಸಬೇಕು. ಕ್ಯಾಸೆಟ್ ಡೆಕ್ ಆದರೆ ರಬ್ಬರ್ ಬೆಲ್ಟ್ ಕರಗಿ ಅಂಟಾಗಿರುವುದೇ ಹೆಚ್ಚು, ರಿಪೇರಿ ಖರ್ಚು ಸೇರಿಸಿಯೇ ಬೆಲೆ ಮಾತಾಡಿ.

ಮಕ್ಕಳು ಅಮೆರಿಕದಿಂದಲೋ ಜಪಾನಿನಿಂದಲೋ ತಂದ ಸೆಟ್ ಆದರೆ ಬೆನ್ನಿನ ಚೀಟಿ ಓದದೆ ಪ್ಲಗ್ ಹಾಕಬೇಡಿ. ಅಲ್ಲಿಯವು 120 ಅಥವಾ 100 ವೋಲ್ಟಿನವು, ನಮ್ಮ 230ಕ್ಕೆ ಹಾಕಿದ ಕೂಡಲೇ ಸುಡುತ್ತವೆ. "100–240 ವೋಲ್ಟ್" ಎಂದಿದ್ದರೆ ಮಾತ್ರ ನೇರ ಹಾಕಬಹುದು. ಉಳಿದವಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಸಾಮರ್ಥ್ಯ ಚೀಟಿಯಲ್ಲಿರುವ ವ್ಯಾಟಿನ ಒಂದೂವರೆ ಪಟ್ಟಾದರೂ ಇರಲಿ. ಗ್ರಾಮಫೋನ್ ತಿರುಗುಮಣೆಗೆ ಅದೂ ಸಾಲದೆ ಹೋಗಬಹುದು. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆಯೇ ಹೊರತು 60 ಹರ್ಟ್ಸನ್ನು ಹುಟ್ಟಿಸುವುದಿಲ್ಲ. ಕರೆಂಟಿನ ಹರ್ಟ್ಸ್‌ಗೆ ತಕ್ಕಂತೆ ತಿರುಗುವ ಹಳೆಯ ಎಸಿ ಮೋಟರು ಅಮೆರಿಕದ 60ಕ್ಕೆ ಮಾಡಿದ್ದಾದರೆ ನಮ್ಮ 50ರಲ್ಲಿ ಆರನೆಯ ಒಂದು ಭಾಗ ನಿಧಾನವಾಗಿ ತಿರುಗುತ್ತದೆ, ಹಾಡಿನ ಷಡ್ಜವೇ ಹಾರ್ಮೋನಿಯಮ್ಮಿನ ಸುಮಾರು ಮೂರು ಮನೆ ಕೆಳಗಿಳಿಯುತ್ತದೆ. ಅಂಥದ್ದನ್ನು 50 ಹರ್ಟ್ಸ್‌ನ ಪುಲ್ಲಿ ಸಿಗುತ್ತದೆಂದು ಖಾತ್ರಿ ಮಾಡಿಕೊಂಡೇ ತರಿಸಿ.